ಸೂಕ್ಷ್ಮಲೋಕವನ್ನು ಅಳೆಯೋಣ

ನೀರುಳ್ಳಿಯ ತೆಳುವಾದ ಪೊರೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ್ದೀರಾ? ಇಟ್ಟಿಗೆಗಳನ್ನು ಸಾಲಾಗಿ ಜೋಡಿಸಿದಂತೆ ಜೀವಕೋಶಗಳು ಕಾಣಿಸುತ್ತವೆ. ನೋಡಲು ಬಹಳ ಚೆಂದ. ಆದರೆ ಅಷ್ಟಕ್ಕೇ ನಿಲ್ಲಬಾರದು. ಒಂದು ಕೋಶದ ಉದ್ದ ಎಷ್ಟು? ಇಲ್ಲಿ ಎಷ್ಟು ಕೋಶಗಳಿವೆ? ಹೀಗೆ ಕೇಳುತ್ತಾ ಹೋಗಬೇಕು.

ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ ಹೀಗೆಯೇ ಕೇಳಿದನು. ಸೀಸೆಗಳ ಬಿರಡೆ ಮಾಡಲು ಬಳಸುವ ಕಾರ್ಕ್ ಎಂಬ ತೊಗಟೆಯ ತೆಳುವಾದ ಚೂರನ್ನು ಅವನು ಸೂಕ್ಷ್ಮದರ್ಶಕದಲ್ಲಿ ನೋಡಿದನು. ಅದರಲ್ಲಿ ಕಂಡ ಪುಟ್ಟ ಕೋಣೆಗಳಿಗೆ 'ಸೆಲ್' ಎಂದು ಹೆಸರಿಟ್ಟನು. ಅಷ್ಟೇ ಅಲ್ಲ, ಅವುಗಳನ್ನು ಎಣಿಸಿದನು. ಒಂದು ಇಂಚಿನ ಹದಿನೆಂಟನೆಯ ಒಂದು ಭಾಗದಲ್ಲಿ ಸುಮಾರು 60 ಕೋಣೆಗಳಿದ್ದವು. ಹಾಗಾದರೆ ಒಂದು ಇಂಚಿನಲ್ಲಿ ಎಷ್ಟು? 60ನ್ನು 18ರಿಂದ ಗುಣಿಸಿ ನೋಡಿ: 1080! ಈ ವಿಷಯವನ್ನು ಅವನು 1665ರಲ್ಲಿ ಪ್ರಕಟವಾದ 'ಮೈಕ್ರೋಗ್ರಾಫಿಯಾ' ಎಂಬ ಪುಸ್ತಕದಲ್ಲಿ ಬರೆದಿದ್ದಾನೆ.

ಎಣಿಕೆ ಬಹಳ ಮುಖ್ಯವಾದ ಕೆಲಸ. ಜ್ವರ ಬಂದಾಗ ನಮ್ಮ ರಕ್ತವನ್ನು ಪರೀಕ್ಷಿಸುತ್ತಾರಲ್ಲವೇ? ಬಿಳಿ ರಕ್ತಕಣಗಳು ಎಷ್ಟಿವೆ, ಮಲೇರಿಯಾದ ರೋಗಾಣುಗಳು ಎಷ್ಟಿವೆ ಎಂಬುದು ವೈದ್ಯರಿಗೆ ತಿಳಿಯಬೇಕು. ಎಣಿಕೆ ತಪ್ಪಿದರೆ ಚಿಕಿತ್ಸೆಯೂ ತಪ್ಪಬಹುದು. ಆದರೆ ನೂರಾರು ಕಣಗಳನ್ನು ಕಣ್ಣಿನಿಂದ ಎಣಿಸುತ್ತಾ ಹೋದರೆ ಯಾರಿಗಾದರೂ ಆಯಾಸವಾಗುತ್ತದೆ. ಒಂದೇ ಚಿತ್ರವನ್ನು ಇಬ್ಬರು ಎಣಿಸಿದರೆ ಎರಡು ಬೇರೆ ಉತ್ತರಗಳು ಬರುವುದೂ ಉಂಟು.

ಇಲ್ಲಿ ಕಂಪ್ಯೂಟರ್ ನಮ್ಮ ಸಹಾಯಕ್ಕೆ ಬರುತ್ತದೆ. ಕ್ಯಾಮರಾದಲ್ಲಿ ತೆಗೆದ ಚಿತ್ರವು ಪಿಕ್ಸೆಲ್ ಎಂಬ ಸಣ್ಣ ಸಣ್ಣ ಚೌಕಗಳಿಂದ ಕೂಡಿದೆ. ಪ್ರತಿಯೊಂದು ಪಿಕ್ಸೆಲ್ ಎಷ್ಟು ಬೆಳಕಾಗಿದೆ, ಎಷ್ಟು ಕಪ್ಪಾಗಿದೆ ಎಂಬುದನ್ನು ಕಂಪ್ಯೂಟರ್ ಸಂಖ್ಯೆಯಾಗಿ ಇಟ್ಟುಕೊಳ್ಳುತ್ತದೆ. ಈ ಸಂಖ್ಯೆಗಳನ್ನು ಬಳಸಿ ಅಳೆಯುವ, ಎಣಿಸುವ ತಂತ್ರಾಂಶಗಳು ಹಲವು ಇವೆ. ಕೆಲವಕ್ಕೆ ಬಹಳ ಬೆಲೆ. ಕೆಲವು ಹಣವಿಲ್ಲದೆ ಸಿಗುತ್ತವೆ. ಇವುಗಳಲ್ಲಿ ನಮಗೆ ಬೇಕಾದುದನ್ನು ಆರಿಸುವುದು ಹೇಗೆ? ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳೋಣ.

ಮೊದಲನೆಯ ಪ್ರಶ್ನೆ: ನಮ್ಮ ಕೆಲಸ ಯಾವುದು? ಹುಲ್ಲು ಕೊಯ್ಯಲು ಕತ್ತಿ ಬೇಕು, ಕಟ್ಟಿಗೆ ಒಡೆಯಲು ಕೊಡಲಿ ಬೇಕು. ತಂತ್ರಾಂಶವೂ ಹಾಗೆಯೇ. ಒಂದೆರಡು ಚಿತ್ರಗಳಲ್ಲಿ ಉದ್ದ ಅಳೆಯಲು, ಚುಕ್ಕೆ ಎಣಿಸಲು 'ಇಮೇಜ್‌ಜೆ' ಸಾಕು. ಅದಕ್ಕೆ ಹಲವು ಹೆಚ್ಚಿನ ಸಾಧನಗಳನ್ನು ಸೇರಿಸಿದ ರೂಪಕ್ಕೆ 'ಫಿಜಿ' ಎಂದು ಹೆಸರು. ನೂರಾರು ಚಿತ್ರಗಳನ್ನು ಒಂದೇ ಕ್ರಮದಲ್ಲಿ ಎಣಿಸಬೇಕಾದರೆ 'ಸೆಲ್‌ಪ್ರೊಫೈಲರ್' ಅನುಕೂಲ. ಆಸ್ಪತ್ರೆಗಳಲ್ಲಿ ತೆಗೆಯುವ ಅಂಗಾಂಶಗಳ ದೊಡ್ಡ ಚಿತ್ರಗಳಿಗೆ 'ಕ್ಯೂಪಾತ್' ಇದೆ.

ಎರಡನೆಯ ಪ್ರಶ್ನೆ: ಇದನ್ನು ಎಲ್ಲರೂ ಬಳಸಬಹುದೇ? 'ಉಚಿತ' ಮತ್ತು 'ಸ್ವತಂತ್ರ' ಎಂಬ ಪದಗಳಲ್ಲಿ ವ್ಯತ್ಯಾಸವಿದೆ. ಹಣ ಕೊಡಬೇಕಿಲ್ಲದಿದ್ದರೆ ಅದು ಉಚಿತ. ಗೆಳೆಯರಿಗೆ ಹಂಚಲು, ಒಳಗಿನ ರಚನೆಯನ್ನು ತೆರೆದು ನೋಡಲು, ಬೇಕಾದಂತೆ ಬದಲಿಸಲು ಅನುಮತಿ ಇದ್ದರೆ ಅದು ಸ್ವತಂತ್ರ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿದ್ದ ವೇನ್ ರಾಸ್‌ಬ್ಯಾಂಡ್ ಎಂಬವರು 1997ರಲ್ಲಿ ಇಮೇಜ್‌ಜೆಯನ್ನು ಎಲ್ಲರ ಸ್ವತ್ತಾಗಿ ಬಿಟ್ಟುಕೊಟ್ಟರು. ಅದರಿಂದ ಲೋಕದ ಬೇರೆ ಬೇರೆ ಕಡೆಯ ವಿಜ್ಞಾನಿಗಳು ಅದಕ್ಕೆ ಹೊಸ ಹೊಸ ಭಾಗಗಳನ್ನು ಸೇರಿಸಿದರು. ಕೇರಳದ ಶಾಲೆಗಳ ಕಂಪ್ಯೂಟರ್‌ಗಳಲ್ಲಿ ನಾವು ಬಳಸುವ ಲಿನಕ್ಸ್ ಕೂಡ ಸ್ವತಂತ್ರ ತಂತ್ರಾಂಶವೇ. ಇಮೇಜ್‌ಜೆ ಅದರಲ್ಲಿಯೂ ಕೆಲಸ ಮಾಡುತ್ತದೆ. ದೊಡ್ಡ ಪ್ರಯೋಗಾಲಯದ ವಿಜ್ಞಾನಿ ಬಳಸುವ ಉಪಕರಣವನ್ನೇ ಹಳ್ಳಿಯ ಶಾಲೆಯ ನೀವೂ ಬಳಸಬಹುದು!

ಮೂರನೆಯ ಪ್ರಶ್ನೆ: ಬಂದ ಉತ್ತರವನ್ನು ಪರೀಕ್ಷಿಸಬಹುದೇ? ಇದೇ ಎಲ್ಲಕ್ಕಿಂತ ಮುಖ್ಯ. ಕಂಪ್ಯೂಟರಿಗೆ ಕೋಶ ಎಂದರೇನೆಂದು ತಾನಾಗಿ ತಿಳಿಯದು. ಮೊದಲು ಅಳತೆಯನ್ನು ನಾವು ಹೇಳಿಕೊಡಬೇಕು. ಒಂದು ಮಿಲಿಮೀಟರ್ ಉದ್ದದಲ್ಲಿ 1000 ಪಿಕ್ಸೆಲ್‌ಗಳಿದ್ದರೆ, 300 ಪಿಕ್ಸೆಲ್ ಉದ್ದದ ಕೋಶವು 0.3 ಮಿಲಿಮೀಟರ್ ಇದೆ ಎಂದರ್ಥ. ಎಷ್ಟು ಕಪ್ಪಾಗಿರುವುದನ್ನು ಎಣಿಸಬೇಕು ಎಂಬ ಮಿತಿಯನ್ನೂ ನಾವೇ ಹೇಳಬೇಕು. ಮಿತಿ ಬದಲಾದರೆ ಉತ್ತರವೂ ಬದಲಾಗುತ್ತದೆ. ಆದುದರಿಂದ ಯಾವ ಮಿತಿ ಇಟ್ಟೆವು ಎಂಬುದನ್ನು ಪುಸ್ತಕದಲ್ಲಿ ಬರೆದಿಡಬೇಕು. ಮೂಲ ಚಿತ್ರವನ್ನು ಬದಲಿಸದೆ ಬೇರೆಯಾಗಿ ಉಳಿಸಬೇಕು. ಆಗ ಇನ್ನೊಬ್ಬರು ಅದೇ ಕೆಲಸವನ್ನು ಮತ್ತೆ ಮಾಡಿ ನೋಡಬಹುದು.

ಮಾಡಿ ನೋಡಿ

ಬಿಳಿ ಕಾಗದದ ಮೇಲೆ 50 ಹೆಸರುಕಾಳುಗಳನ್ನು ಹರಡಿರಿ. ಪಕ್ಕದಲ್ಲಿ ಒಂದು ಅಳತೆಪಟ್ಟಿ ಇಡಿರಿ. ಮೇಲಿನಿಂದ ಚಿತ್ರ ತೆಗೆದು, ಅಧ್ಯಾಪಕರ ಸಹಾಯದಿಂದ ಇಮೇಜ್‌ಜೆಯಲ್ಲಿ ತೆರೆಯಿರಿ. ಅಳತೆಪಟ್ಟಿಯ ಗೆರೆಗಳನ್ನು ನೋಡಿ ಅಳತೆಯನ್ನು ಹೇಳಿಕೊಡಿರಿ. ಕಾಳುಗಳಿರುವ ಭಾಗವನ್ನು ಮಾತ್ರ ಆರಿಸಿ ಎಣಿಸಲು ಹೇಳಿರಿ. ಉತ್ತರ 50 ಬಂತೇ? 46 ಬಂದರೆ, ಒಂದಕ್ಕೊಂದು ತಾಗಿಕೊಂಡಿರುವ ಕಾಳುಗಳನ್ನು ಹುಡುಕಿರಿ. ತಾಗಿದ ಎರಡು ಕಾಳುಗಳನ್ನು ಕಂಪ್ಯೂಟರ್ ಒಂದೇ ಎಂದು ಎಣಿಸಿರಬಹುದು. ಅವುಗಳನ್ನು ಬಿಡಿಸಿಟ್ಟು ಮತ್ತೆ ಚಿತ್ರ ತೆಗೆಯಿರಿ. ಕಾಳಿನ ಲೆಕ್ಕ ಸರಿಯಾದ ಮೇಲೆ ನೀರುಳ್ಳಿಯ ಕೋಶಗಳನ್ನು ಅಳೆಯಲು ತೊಡಗಿರಿ.