ಕೆಡವುವ ಮುನ್ನ ತಾರಸಿ ಹತ್ತಿ ನೋಡಿ

ಮೈಸೂರಿನ ದೇವರಾಜ ಮಾರುಕಟ್ಟೆಯನ್ನು ಉಳಿಸಬೇಕೋ ಕೆಡವಬೇಕೋ ಎಂಬ ಜಗ್ಗಾಟಕ್ಕೆ ಕಾರಣವಾದದ್ದು 2016ರ ಆಗಸ್ಟ್‌ನ ಒಂದು ಕುಸಿತ. ದುರಸ್ತಿ ಕೆಲಸ ನಡೆಯುತ್ತಿದ್ದಾಗಲೇ ಧನ್ವಂತರಿ ರಸ್ತೆ ಕಡೆಯ ಉತ್ತರ ದ್ವಾರದ ಭಾಗ ಬಿದ್ದುಹೋಯಿತು. ಅದಕ್ಕೆ ನಾಲ್ಕು ವರ್ಷ ಮೊದಲು, 2012ರ ಆಗಸ್ಟ್‌ನಲ್ಲಿ, ಪಕ್ಕದ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಪ್ರಾಣ ಕಳೆದುಕೊಂಡಿದ್ದರು. ಎರಡೂ 19ನೇ ಶತಮಾನದ ಕಟ್ಟಡಗಳು. ಹೀಗಾಗಿ ‘ವಯಸ್ಸಾಯಿತು, ಇನ್ನು ಕೆಡವುವುದೇ ಸರಿ’ ಎಂಬ ಮಾತು ಸುಲಭವಾಗಿ ಹುಟ್ಟಿಕೊಂಡಿತು. ಆದರೆ ಇಟ್ಟಿಗೆ, ಸುಣ್ಣದ ಗಾರೆಗಳ ಕಟ್ಟಡ ಬರೀ ವಯಸ್ಸಿನಿಂದ ಬೀಳುವುದಿಲ್ಲ. ನೀರು ಒಳಗಿಳಿದರೆ ಬೀಳುತ್ತದೆ, ತಪ್ಪು ರಿಪೇರಿ ಮಾಡಿದರೆ ಬೀಳುತ್ತದೆ, ಜನ ಬಿಟ್ಟುಹೋದರೆ ಇನ್ನೂ ಬೇಗ ಬೀಳುತ್ತದೆ. ಈ ಮೂರನ್ನೂ ನಾವು ತಡೆಯಬಹುದು.

ಕಟ್ಟಡ ಹಾಳಾಗುವ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಹಕ್ಕಿಯ ಹಿಕ್ಕೆಯಲ್ಲಿ ಬಂದ ಅರಳಿ ಬೀಜ ತಾರಸಿಯ ಬಿರುಕಿನಲ್ಲಿ ಮೊಳೆಯುತ್ತದೆ. ಮೊದಲ ವರ್ಷ ಕೈಯಲ್ಲೇ ಕಿತ್ತು ಎಸೆಯಬಹುದಾದ ಸಸಿ ಅದು. ಬಿಟ್ಟರೆ ಬೇರು ಗೋಡೆಯೊಳಗೆ ಇಳಿದು ದಪ್ಪವಾಗುತ್ತಾ ಇಟ್ಟಿಗೆಗಳನ್ನು ಬೇರ್ಪಡಿಸುತ್ತದೆ. ಮೇಲಿನ ಕಾಂಡವನ್ನಷ್ಟೇ ಕಡಿದರೆ ಮತ್ತೆ ಚಿಗುರುತ್ತದೆ. ಆ ಸಂದಿಯಲ್ಲಿ ಇಳಿದ ಮಳೆನೀರು ಮರದ ತೊಲೆಗಳ ಮೇಲೆ ಇಟ್ಟಿಗೆ, ಗಾರೆ ಹಾಸಿ ಕಟ್ಟುವ ‘ಮದ್ರಾಸ್ ತಾರಸಿ’ಯ ತೊಲೆಗಳನ್ನು ತಲುಪಿ, ಗೋಡೆಯಲ್ಲಿ ಹೂತಿರುವ ತೊಲೆಯ ತುದಿಯನ್ನು ಕೊಳೆಸುತ್ತದೆ. ಕೆಳಗೆ ನಿಂತವರಿಗೆ ಕಾಣುವುದು ಒಂದು ತೇವದ ಕಲೆ ಮಾತ್ರ. ಅದನ್ನು ಮುಚ್ಚಲು ಸಿಮೆಂಟ್ ಬಳಿಯುತ್ತಾರೆ. ಕೆಡುಕು ಬಲಿಯುವುದು ಇಲ್ಲಿಯೇ. ಸುಣ್ಣದ ಗಾರೆ ತೇವವನ್ನು ಹೀರಿ ಹೊರಗೆ ಆರಿಸುತ್ತದೆ. ಸಿಮೆಂಟ್ ಅದನ್ನು ಒಳಗೇ ಕಟ್ಟಿಹಾಕುತ್ತದೆ. ಹೊರಗಿನ ಗಿಲಾವು ಗಟ್ಟಿಯಾಗಿ ಕಾಣುತ್ತಿದ್ದರೂ ಹಿಂದಿನ ಇಟ್ಟಿಗೆ ಪುಡಿಯಾಗುತ್ತಿರುತ್ತದೆ. ಸುಣ್ಣವನ್ನು ನೆನೆಹಾಕಿ, ಮರಳು, ಇಟ್ಟಿಗೆಪುಡಿ ಸೇರಿಸಿ ಅರೆದು, ಬೆಲ್ಲ, ಅಳಲೆಕಾಯಿ ನೆನೆಸಿದ ನೀರು ಹಾಕಿ ಹದಗೊಳಿಸುತ್ತಿದ್ದ ಗಾರೆ ಕೆಲಸದವರ ಕೈಗಳು ಈಗ ಕಡಿಮೆಯಾಗಿವೆ ನಿಜ. ಆದರೆ ಕೆಲಸ ಸಿಕ್ಕಿದರೆ ತಾನೆ ಕಸುಬು ಉಳಿಯುವುದು?

ಬಳಕೆಯೇ ಕಟ್ಟಡವನ್ನು ಕಾಯುತ್ತದೆ ಎಂಬುದಕ್ಕೆ ಬೆಂಗಳೂರಿನ ಅಠಾರಾ ಕಚೇರಿ ಸಾಕ್ಷಿ. 1860ರ ದಶಕದ ಆ ಕಟ್ಟಡದಿಂದ ಸರ್ಕಾರದ ಕಚೇರಿಗಳು ವಿಧಾನಸೌಧಕ್ಕೆ ಹೋದರೂ ಹೈಕೋರ್ಟ್ ಅಲ್ಲೇ ಉಳಿಯಿತು. 1980ರ ದಶಕದಲ್ಲಿ ಕೆಡವುವ ಮಾತು ಬಂದಾಗ ನಾಗರಿಕರು ಕೋರ್ಟಿಗೆ ಹೋದರು. ಕೊನೆಗೆ ಆ ಯೋಜನೆ ಕೈಬಿಟ್ಟುಹೋಗಿ, ಕೆಂಪು ಕಟ್ಟಡ ಇಂದಿಗೂ ದಿನನಿತ್ಯ ಕೆಲಸಕ್ಕೆ ಬರುತ್ತಿದೆ. ಹಳೆಯ ಸೆಂಟ್ರಲ್ ಜೈಲು 2008ರಲ್ಲಿ ಫ್ರೀಡಂ ಪಾರ್ಕ್ ಆಯಿತು. ತುರ್ತುಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ ಅವರನ್ನು ಇಟ್ಟಿದ್ದ ಜಾಗದಲ್ಲಿ ಈಗ ಧರಣಿ ನಡೆಯುತ್ತದೆ, ವಾಯುವಿಹಾರವೂ ನಡೆಯುತ್ತದೆ. ಇವಕ್ಕೆ ಎದುರಾಗಿ ಲ್ಯಾನ್ಸ್‌ಡೌನ್ ಕಟ್ಟಡವನ್ನು ನೋಡಿ. ಹಳೆಯ ಪುಸ್ತಕದ ಅಂಗಡಿಗಳಿಗೆ ಹೆಸರಾಗಿದ್ದ ಆ ಸಾಲು ಕುಸಿತದ ಬಳಿಕ ಬರಿದಾಯಿತು. ಬಾಗಿಲು ಹಾಕಿದ ಮೇಲೆ ಸೋರಿಕೆ ಕಂಡು ದೂರು ಕೊಡುವ ಅಂಗಡಿಯವನೂ ಇಲ್ಲದೆ ಅದು ಮಳೆಗೆ ನೆನೆಯಿತು.

ಹಾಗಾದರೆ ಜನರ ಪ್ರಾಣಕ್ಕಿಂತ ಕಟ್ಟಡ ದೊಡ್ಡದೇ ಎಂದು ಕೇಳುತ್ತಾರೆ. ಖಂಡಿತ ಅಲ್ಲ. ನಾಲ್ಕು ಸಾವು ಕಂಡ ಊರಿನಲ್ಲಿ ಆ ಪ್ರಶ್ನೆಯನ್ನು ಯಾರೂ ತಳ್ಳಿಹಾಕಬಾರದು. ಅಪಾಯದ ಭಾಗಕ್ಕೆ ಆಸರೆ ಕೊಟ್ಟು, ಅಲ್ಲಿನ ಅಂಗಡಿಗಳನ್ನು ಆ ಕೂಡಲೇ ಸ್ಥಳಾಂತರಿಸಬೇಕು. ಆದರೆ ಇಡೀ ಮಾರುಕಟ್ಟೆಯನ್ನು ನೆಲಸಮ ಮಾಡುವುದು ಬೇರೆಯೇ ಮಾತು. ದೇವರಾಜ ಮಾರುಕಟ್ಟೆ ಅಂಗಡಿ ಸಾಲುಗಳಾಗಿ ಹರಡಿರುವ ಕಟ್ಟಡ. ಒಂದೊಂದೇ ಸಾಲನ್ನು ಬಿಚ್ಚಿ ಕಟ್ಟುತ್ತಾ ಹೋಗಬಹುದು. ತಜ್ಞರಲ್ಲಿ ಒಮ್ಮತವಿಲ್ಲ ಎಂಬುದೂ ನಿಜ: ಪರಂಪರೆ ಸಂರಕ್ಷಣೆಯ ಸಂಸ್ಥೆ ಇಂಟ್ಯಾಕ್ ದುರಸ್ತಿ ಸಾಧ್ಯವೆಂದಿತು, ಕೆಡವಿ ಕಟ್ಟಬೇಕೆಂದವರೂ ಇದ್ದಾರೆ, 2023ರಲ್ಲಿ ಹೈಕೋರ್ಟ್‌ನ ತೀರ್ಪೂ ಕೆಡವುವವರ ಪರವಾಗಿಯೇ ಬಂತು. ಹೈಕೋರ್ಟ್ ಅಡ್ಡಿಯಿಲ್ಲ ಎಂದ ಮಾತ್ರಕ್ಕೆ ಕೆಡವುವುದು ಒಳ್ಳೆಯ ನಿರ್ಧಾರ ಎಂದಾಗುವುದಿಲ್ಲ. ಹೈದರಾಬಾದಿನಲ್ಲಿ 1935ರ ಮೊಅಜ್ಜಂ ಜಾಹಿ ಮಾರುಕಟ್ಟೆಯೂ ಸೋರಿ, ಬೋರ್ಡು ತಂತಿಗಳಲ್ಲಿ ಮುಚ್ಚಿಹೋಗಿತ್ತು. ಅದನ್ನು ದುರಸ್ತಿ ಮಾಡಿ 2020ರ ಆಗಸ್ಟ್‌ನಲ್ಲಿ ಮತ್ತೆ ತೆರೆದರು. ಅದು ಕಲ್ಲಿನ ಕಟ್ಟಡ, ಮೈಸೂರಿನದಕ್ಕಿಂತ ಗಟ್ಟಿ. ಇಲ್ಲಿ ಕೆಲಸ ಹೆಚ್ಚು ಕಷ್ಟ. ಆದರೂ ವ್ಯಾಪಾರದ ಜಾಗ ವ್ಯಾಪಾರದ ಜಾಗವಾಗಿಯೇ ಉಳಿದು ಸುಧಾರಿಸಬಲ್ಲದು ಎಂಬುದನ್ನು ಅದು ತೋರಿಸಿತು.

ಅದೇ ರೂಪದಲ್ಲಿ ಹೊಸದನ್ನು ಕಟ್ಟಿಕೊಟ್ಟರಾಗದೇ ಎಂಬುದು ಇನ್ನೊಂದು ವಾದ. ಕಮಾನು, ಗೋಪುರಗಳನ್ನು ಕಾಂಕ್ರೀಟಿನಲ್ಲಿ ಎರಕ ಹೊಯ್ಯಬಹುದು. ಆದರೆ ಮೈಸೂರು ಮಲ್ಲಿಗೆಯ ಮೊಳ ಹಾಕುವವರು, ನಂಜನಗೂಡು ರಸಬಾಳೆಯ ಗೊನೆ ತೂಗುಹಾಕಿದವರು, ಕುಂಕುಮದ ರಾಶಿ ಇಟ್ಟವರು ವರ್ಷಗಟ್ಟಲೆ ತಗಡಿನ ಶೆಡ್ಡಿನಲ್ಲಿ ಕಾದು, ಹೊಸ ಬಾಡಿಗೆ ಕಟ್ಟಿ ಮರಳಿ ಬರುತ್ತಾರೆಂಬ ಭರವಸೆ ಯಾರು ಕೊಡುತ್ತಾರೆ? ಗಿರಾಕಿ ಒಮ್ಮೆ ದಾರಿ ಬದಲಿಸಿದರೆ ಸಣ್ಣ ವ್ಯಾಪಾರಿ ಚೇತರಿಸಿಕೊಳ್ಳುವುದು ಕಷ್ಟ.

ಖರ್ಚಿನ ಮಾತು ಹೆಚ್ಚು ತೂಕದ್ದು. ಒಮ್ಮೆ ದುಡ್ಡು ಸುರಿದು ಮರೆತರೂ ಆಗದು. ಮೈಸೂರು ವಿಶ್ವವಿದ್ಯಾಲಯದ ಜಯಲಕ್ಷ್ಮಿ ವಿಲಾಸ 1905ರ ಅರಮನೆ. ಜಾನಪದ ವಸ್ತುಸಂಗ್ರಹಾಲಯವಾಗಿ ಅದಕ್ಕೆ ಒಳ್ಳೆಯ ಮರುಬಳಕೆ ಸಿಕ್ಕಿತು. ಇನ್ಫೊಸಿಸ್ ಪ್ರತಿಷ್ಠಾನದ ನೆರವಿನಲ್ಲಿ ದೊಡ್ಡ ದುರಸ್ತಿಯೂ ನಡೆಯಿತು. ಆದರೂ ಅದರ ಭಾಗಗಳು ಮತ್ತೆ ಶಿಥಿಲವಾದವು. ಅಲ್ಲಿ ಕೊರತೆಯಾದದ್ದು ಪ್ರತಿವರ್ಷದ ಪುಟ್ಟ ನಿರ್ವಹಣೆ. ಮಾರುಕಟ್ಟೆಗೆ ಈ ವಿಷಯದಲ್ಲಿ ಅನುಕೂಲವಿದೆ: ಅದು ಬಾಡಿಗೆ ತರುವ ಕಟ್ಟಡ. ಆ ಬಾಡಿಗೆಯ ಒಂದು ಪಾಲನ್ನು ಅದರ ದುರಸ್ತಿಗೇ ಎತ್ತಿಟ್ಟು, ಲೆಕ್ಕವನ್ನು ವ್ಯಾಪಾರಿಗಳ ಮುಂದಿಡಬೇಕು.

ಇದು ಮೈಸೂರಿನವರ ಚಿಂತೆ ಮಾತ್ರವಲ್ಲ. ನಿಮ್ಮೂರಿನಲ್ಲೂ ಹಳೆಯ ಶಾಲೆಯೋ ತಾಲ್ಲೂಕು ಕಚೇರಿಯೋ ಛತ್ರವೋ ಇದ್ದೀತು. ಮಳೆಗಾಲಕ್ಕೆ ಮೊದಲು ಒಮ್ಮೆ ಹೋಗಿ ನೋಡಿ. ತಾರಸಿಯಲ್ಲಿ ಅರಳಿ ಸಸಿ ಕಂಡರೆ, ನೀರು ಹೋಗುವ ದೋಣಿ ಕಟ್ಟಿಕೊಂಡಿದ್ದರೆ, ಪಂಚಾಯಿತಿಗೋ ಪುರಸಭೆಗೋ ಬರವಣಿಗೆಯಲ್ಲಿ ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ, ಕೆಲಸ ಆಗುವವರೆಗೆ ಕೇಳುತ್ತಲೇ ಇರಿ.