ಒಗ್ಗರಣೆಯ ಹೊಗೆಗೊಂದು ಹಾದಿ

ಕಾದ ಎಣ್ಣೆಯಲ್ಲಿ ಸಾಸಿವೆ ಸಿಡಿದು ಒಣಮೆಣಸಿನಕಾಯಿ ಕಪ್ಪಾಗುವಷ್ಟರಲ್ಲಿ ನಡುಮನೆಯಲ್ಲಿ ಕುಳಿತವರೂ ಕೆಮ್ಮತೊಡಗುವುದು ನಮ್ಮ ಮನೆಗಳ ನಿತ್ಯಾನುಭವ. ಘಾಟೆಂದು ನಾವು ಕರೆಯುವುದು ಎಣ್ಣೆಯ ಅತಿಸೂಕ್ಷ್ಮ ಹನಿಗಳು, ಮಸಿಯ ಕಣಗಳು ಮತ್ತು ಮೆಣಸಿನ ಖಾರಸತ್ತ್ವ ಬೆರೆತ ಬಿಸಿಗಾಳಿಯನ್ನು. ಉರಿಯಿಂದಲೇ ಜನಿಸುವ ಅನಿಲಗಳೂ ಅದರೊಡನೆ ಸೇರಿರುತ್ತವೆ. 1 ಕಿಲೋಗ್ರಾಂ ಅಡುಗೆ ಅನಿಲ ದಹಿಸಿದರೆ ಸುಮಾರು 3 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡೂ ಒಂದೂವರೆ ಕಿಲೋಗ್ರಾಮಿನಷ್ಟು ನೀರಾವಿಯೂ ಉತ್ಪನ್ನವಾಗುವುವು, ಎಂದರೆ, 14.2 ಕಿಲೋಗ್ರಾಮಿನ ಸಿಲಿಂಡರೊಂದು ಬರಿದಾಗುವ ವೇಳೆಗೆ 20 ಲೀಟರಿಗೂ ಮಿಕ್ಕ ನೀರು ಆವಿಯಾಗಿ ಅಡುಗೆಮನೆಯ ಗಾಳಿಯನ್ನು ಹೊಕ್ಕಿರುತ್ತದೆ.

ಹೆಂಚಿನ ಮನೆಗಳಲ್ಲಿ ಹೊಗೆ ಮಾಡಿನ ಸಂದುಗಳಿಂದ ತಾನಾಗಿಯೇ ಹೊರಗೆ ಹೋಗುತ್ತಿತ್ತು. ಹೋಗುವ ಮುನ್ನ ಒಲೆಯ ಮುಂದೆ ಕುಳಿತವರ ಕಣ್ಣನ್ನೂ ಶ್ವಾಸಕೋಶವನ್ನೂ ಬಾಧಿಸದೆ ಬಿಡುತ್ತಿರಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಸ್ಥಾಪಿತವಾದ ‘ಅಸ್ತ್ರ’ ಕೇಂದ್ರವು ರೂಪಿಸಿದ ಸೌದೆಯೊಲೆ ಈ ಕ್ಲೇಶವನ್ನು ಕೊಳವೆಯೊಂದರಿಂದ ಪರಿಹರಿಸಿತು: ಮುಚ್ಚಿದ ಒಲೆಯ ಬಿಸಿಹೊಗೆ ಹಗುರವಾಗಿ ಕೊಳವೆಯಲ್ಲಿ ಮೇಲೇರುವುದಕ್ಕೆ ಯಂತ್ರವೇನೂ ಬೇಕಿಲ್ಲ. ಗ್ಯಾಸ್ ಒಲೆಯಾದರೋ ನಾಲ್ಕು ದಿಕ್ಕಿಗೂ ತೆರೆದಿರುವಂಥದು. ಬಾಣಲೆಯಿಂದೇಳುವ ಬಿಸಿಗಾಳಿ ಏರುತ್ತ ಏರುತ್ತ ಸುತ್ತಣ ತಂಪುಗಾಳಿಯನ್ನು ತನ್ನೊಳಗೆ ಸೆಳೆದುಕೊಂಡು ಅಗಲವಾಗುತ್ತದೆ, ತಣಿಯುತ್ತದೆ, ಕಡೆಗೆ ಕೋಣೆಯನ್ನೆಲ್ಲ ವ್ಯಾಪಿಸುತ್ತದೆ. ಅದು ಹೀಗೆ ಚದರುವ ಮುನ್ನ ಹಿಡಿದು ಹೊರಸಾಗಿಸುವುದೇ ವಿದ್ಯುತ್ ಚಿಮ್ನಿಯ ಕಾರ್ಯ.

ಆದಕಾರಣ ಚಿಮ್ನಿಯನ್ನು ಕೊಳ್ಳುವವರು ಅದರ ಮೋಟಾರಿನ ಬಲಕ್ಕಿಂತ ಮೊದಲು ಗಾಳಿಯ ಹಾದಿಯನ್ನು ಚಿಂತಿಸತಕ್ಕದ್ದು. ಅದರ ಬಾಯಿ ಒಲೆಯಷ್ಟಾದರೂ ಅಗಲವಿದ್ದು, ತಯಾರಕರು ಹೇಳುವ ಎತ್ತರದಲ್ಲಿ, ಅಂದರೆ ಸಾಮಾನ್ಯವಾಗಿ ಒಲೆಯಿಂದ 65–75 ಸೆಂಟಿಮೀಟರ್ ಮೇಲೆ ಇರಬೇಕು. ಇನ್ನೂ ಮೇಲಕ್ಕೆ ಹೋದರೆ ಅಗಲಗೊಂಡ ಹೊಗೆ ಅಂಚಿನಿಂದ ನುಸುಳುವುದು, ಕೆಳಕ್ಕೆ ಬಂದರೆ ಉರಿಯ ಭಯವುಂಟು. ಒಳಗಿರುವ ಉಕ್ಕಿನ ಪಟ್ಟಿಗಳ ಜಾಲರಿಯಲ್ಲಿ ಗಾಳಿ ಥಟ್ಟನೆ ತಿರುಗಿ ಸಾಗುತ್ತದೆ. ಭಾರವಾದ ಎಣ್ಣೆಯ ಹನಿಗಳು ಜಡತ್ವದಿಂದಾಗಿ ತಿರುಗಲಾರದೆ ಪಟ್ಟಿಗೆ ಬಡಿದು ಅಲ್ಲಿಯೇ ಅಂಟಿಕೊಳ್ಳುತ್ತವೆ.

ಅಲ್ಲಿಂದ ಮುಂದಿನ ಕೊಳವೆಯನ್ನೇ ಜನ ಅತ್ಯಂತ ಅಲಕ್ಷ್ಯದಿಂದ ಕಾಣುತ್ತಾರೆ. 150 ಮಿಲಿಮೀಟರ್ ವ್ಯಾಸದ ಕೊಳವೆಗೆ ಬದಲಾಗಿ, ಗೋಡೆಯಲ್ಲಿ ಮೊದಲೇ ಕೊರೆದಿರುವ ತೂತು ಚಿಕ್ಕದೆಂಬ ಕಾರಣಕ್ಕೆ 100 ಮಿಲಿಮೀಟರಿನದನ್ನು ಜೋಡಿಸಿದರೆ, ಅಷ್ಟೇ ಗಾಳಿಯನ್ನು ಸಾಗಿಸಲು ಎದುರಿಸಬೇಕಾದ ಘರ್ಷಣೆ ಏಳು ಪಟ್ಟಿಗೂ ಮಿಗಿಲಾಗುವುದು. ಒಂದೊಂದು ತಿರುವೂ ಅದಕ್ಕೆ ಇನ್ನಷ್ಟು ತಡೆಯನ್ನು ಸೇರಿಸುವುದು. ಆಗ ಮೋಟಾರು ಗರ್ಜಿಸಿದರೂ ಗಾಳಿ ಕದಲದು. ಆದ್ದರಿಂದ, ಗೋಡೆಗೆ ಟೈಲ್ಸ್ ಕೂರಿಸುವುದಕ್ಕೆ ಮೊದಲೇ ಹೊರಗೋಡೆಗೆ ಅತಿ ಸಮೀಪವಾದ ನೇರ ಹಾದಿಯನ್ನು ಗುರುತಿಸಿಡುವುದು ಲೇಸು. ಕೊಳವೆಯಿಲ್ಲದೆ, ಇದ್ದಿಲಿನ ಪದರದ ಮೂಲಕ ಸೋಸಿ ಗಾಳಿಯನ್ನು ಕೋಣೆಗೇ ಹಿಂತಿರುಗಿಸುವ ಬಗೆಯವು ವಾಸನೆಯನ್ನು ತಗ್ಗಿಸಿಯಾವು. ನೀರಾವಿಯನ್ನಾಗಲಿ ಇಂಗಾಲದ ಮಾನಾಕ್ಸೈಡನ್ನಾಗಲಿ ಹೊರಹಾಕಲಾರವು.

ಹೊರಹೋದಷ್ಟು ಗಾಳಿ ಒಳಬರಲೇಬೇಕು ಎಂಬುದು ಕೊನೆಯ, ಆದರೆ ಪ್ರಾಣರಕ್ಷಣೆಗೆ ಸಂಬಂಧಿಸಿದ ನಿಯಮ. ಕಿಟಕಿ ಬಾಗಿಲುಗಳೆಲ್ಲ ಮುಚ್ಚಿದ್ದರೆ ಚಿಮ್ನಿ ಸಿಕ್ಕಸಿಕ್ಕ ಸಂದಿನಿಂದ ಗಾಳಿಯನ್ನು ಎಳೆಯುತ್ತದೆ. ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಉರಿಯುತ್ತಿದ್ದರೆ ಅದರ ವಿಷಾನಿಲವೂ ಮನೆಯೊಳಕ್ಕೆ ಬಂದೀತು. ಒಲೆಯ ಮಗ್ಗುಲಿನ ಕಿಟಕಿಯಿಂದ ನುಗ್ಗುವ ಗಾಳಿ ಹೊಗೆಯನ್ನು ಅಡ್ಡಕ್ಕೆ ಬೀಸಿ ಕೆಡಿಸುವುದಾದ್ದರಿಂದ, ಒಲೆಗೆ ದೂರವಾದ ಕಿಟಕಿಯನ್ನು ತೆರೆದಿಡುವುದು ಉತ್ತಮ.

ಎಲ್ಲವೂ ಸರಿಯಾಯಿತೆ ಎಂದು ತಿಳಿಯುವುದಕ್ಕೆ ಊದುಬತ್ತಿಯೊಂದು ಸಾಕು. ಒಲೆಯನ್ನು ಹಚ್ಚದೆ, ಚಿಮ್ನಿಯನ್ನು ಚಾಲೂ ಮಾಡಿ, ಒಲೆಯ ನಾಲ್ಕಂಚಿನಲ್ಲಿಯೂ ಅದನ್ನು ಹಿಡಿದು ನೋಡಿ; ಹೊಗೆಯ ಎಳೆ ತಡವರಿಸದೆ ಮೇಲಕ್ಕೆ ಬಾಗಿ ಜಾಲರಿಯನ್ನು ಹೊಕ್ಕರೆ, ನಾಳಿನ ಒಗ್ಗರಣೆಯ ಘಾಟೂ ಬಹುಮಟ್ಟಿಗೆ ಅದೇ ಹಾದಿಯನ್ನು ಹಿಡಿಯುವುದು.