ಕೊನೇ ಭಾಗಕ್ಕೂ ತಲುಪುವ ಪುಟ

ಪಹಣಿಗೆ ವೆಬ್‌ಸೈಟ್, ಬೆಳೆ ವಿಮೆಗೆ ಆ್ಯಪ್, ಹತ್ತಿ ರೇಟಿಗೆ ಇನ್ನೊಂದು ಆ್ಯಪ್. ಎಲ್ಲವೂ ಬೆರಳ ತುದಿಯಲ್ಲಿದೆ ಅಂತೀವಿ. ಆದ್ರೆ ಮಾನ್ವಿ ಕಡೆಯ ಹಳ್ಳಿಯೊಳಗೆ ನಿಂತು ನೋಡಿ, ಮೊಬೈಲಲ್ಲಿ ಚಕ್ರ ಸುತ್ತುತ್ತಾನೇ ಇರುತ್ತೆ. ಬೈಸಿಕೊಳ್ಳೋದು ಟವರ್. ಪುಟ ಕಟ್ಟಿದವರನ್ನ ಯಾರೂ ಕೇಳಲ್ಲ.

ನಾನು ಎಂಜಿನಿಯರಿಂಗ್ ಓದುವಾಗ ಮೊಬೈಲಿಗೆ ಪುಟ ಕಟ್ಟೋದು ಅಂದ್ರೆ ವ್ಯಾಪ್. 1999ರಲ್ಲಿ ನೋಕಿಯಾ 7110 ಥರದ ಫೋನುಗಳ ಜತೆ ಬಂದ ತಂತ್ರ ಅದು. ಅದಕ್ಕೆ ಡಬ್ಲ್ಯುಎಂಎಲ್ ಅನ್ನೋ ಬೇರೆಯದೇ ಭಾಷೆ. ಒಂದು ಕಡತಕ್ಕೆ ಡೆಕ್ ಅಂತ ಹೆಸರು, ಅದರೊಳಗಿನ ಒಂದೊಂದು ಪರದೆ ಒಂದು ಕಾರ್ಡ್. ಥೇಟ್ ಇಸ್ಪೀಟು ಕಟ್ಟು! ಫೋನು ಕೈಯಲ್ಲಿ ಇಲ್ಲದಿದ್ದರೂ ಕಂಪ್ಯೂಟರಿನ ಸಿಮ್ಯುಲೇಟರಿನಲ್ಲಿ ಕಲಿಯಬಹುದಿತ್ತು. ಆದ್ರೆ ಶಿಸ್ತು ಬಿಗಿ. ಒಂದು ಟ್ಯಾಗ್ ಮುಚ್ಚಲಿಲ್ಲ ಅಂದ್ರೆ ಇಡೀ ಪುಟವೇ ತೆರೆಯಲ್ಲ. ಚಿತ್ರ ಬೇಕಾ? ಕಪ್ಪು-ಬಿಳುಪು ಮಾತ್ರ. ಇನ್ನು ಗಾತ್ರ: ಆರಂಭದ ಫೋನುಗಳಲ್ಲಿ ಒಂದು ಡೆಕ್ಕಿಗೆ ಸಿಗುತ್ತಿದ್ದದ್ದು ಸುಮಾರು 1,400 ಬೈಟ್, ಅಷ್ಟೇ.

ಇದರೊಳಗೆ ಕನ್ನಡ ಕೂರಿಸೋದು ಹೇಗೆ? ಇಂಗ್ಲಿಷಿನಲ್ಲಿ ರಾಯಚೂರು ಬರೆದರೆ 7 ಅಕ್ಷರ, 7 ಬೈಟ್. ಕನ್ನಡದ ‘ರಾಯಚೂರು’ ಯುನಿಕೋಡ್ ಲೆಕ್ಕದಲ್ಲಿ ಅಕ್ಷರ, ಸ್ವರಚಿಹ್ನೆ ಸೇರಿ 7 ಸಂಕೇತ. ಯುಟಿಎಫ್-8ರಲ್ಲಿ ಒಂದೊಂದಕ್ಕೆ 3 ಬೈಟ್, ಒಟ್ಟು 21. ದೇವದುರ್ಗಕ್ಕೆ 24, ಮಾನ್ವಿಗೆ 18. ಎಸ್ಸೆಮ್ಮೆಸ್ಸಿನಲ್ಲೂ ಇದೇ ಕಥೆ. ಇಂಗ್ಲಿಷಿಗೆ 160 ಅಕ್ಷರ, ಕನ್ನಡಕ್ಕೆ 70. ಹೇಗೋ ಕಳಿಸಿದ್ರೂ ಫೋನಿನಲ್ಲಿ ಕನ್ನಡ ಫಾಂಟ್ ಇಲ್ಲದೆ ಬರೀ ಚೌಕ ಚೌಕ ಡಬ್ಬಿ ಕಾಣೋದು.

ಆಮೇಲೆ ಒಪೇರಾ ಮಿನಿ ಒಂದು ದಾರಿ ತೋರಿಸ್ತು. ಅದರ ಸರ್ವರ್ ಪುಟವನ್ನ ಮೊದಲು ತಾನು ತರಿಸಿ, ಕುಗ್ಗಿಸಿ, ಫೋನಿಗೆ ಕಳಿಸೋದು. ವಿಳಾಸದ ಜಾಗದಲ್ಲಿ ‘ಕಾನ್ಫಿಗ್:’ ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿ ಬಿಟ್‌ಮ್ಯಾಪ್ ಫಾಂಟ್ ಆಯ್ಕೆಗೆ ‘ಯೆಸ್’ ಕೊಟ್ಟರೆ ಕನ್ನಡದ ಅಕ್ಷರಗಳು ಚಿತ್ರವಾಗಿ ಬಂದು ಕೂರೋವು. ಬಟನ್ ಫೋನಿನಲ್ಲಿ ಎಷ್ಟೋ ಜನ ಕನ್ನಡ ಓದಿದ್ದು ಹೀಗೆ.

ಈಗ ಲೆಕ್ಕ ಹಾಕಿ. ಮುಖಪುಟದಲ್ಲಿ ಯಾರದೋ ನಗುಮುಖದ 2 ಎಂಬಿ ಫೋಟೋ ಹಾಕ್ತೀರಿ. ಅಷ್ಟು ಜಾಗದಲ್ಲಿ ಆ ಕಾಲದ 1,400ಕ್ಕೂ ಹೆಚ್ಚು ಡೆಕ್ ಹಿಡಿಸ್ತಿದ್ದವು. ರೈತನಿಗೆ ಬೇಕಾಗಿದ್ದು ಇವತ್ತಿನ ಹತ್ತಿ ಧಾರಣೆ ಅನ್ನೋ ಒಂದು ಸಾಲು. ಅದು ಫೋಟೋದ ಹಿಂದೆ ಕ್ಯೂ ನಿಂತಿರುತ್ತೆ.

ನಮ್ಮ ಜಿಲ್ಲೆಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ಮೇಲಿನವರು ಹೆಚ್ಚು ಎಳಕೊಂಡ್ರೆ ಕೊನೇ ಭಾಗಕ್ಕೆ ನೀರಿಲ್ಲ. ಡೇಟಾನೂ ಹಾಗೇ.

ಹಾಗಾಗಿ ಆ್ಯಪ್ ಕಟ್ಟುವ ರಾಯಚೂರಿನ ಹುಡುಗ ಹುಡುಗಿಯರೇ, ಕಾಲೇಜಿನ ವೈಫೈನಲ್ಲಿ ತೆರೀತು ಅಂತ ಕೈ ತೊಳ್ಕೋಬೇಡಿ. ಮೊದಲು ಅಕ್ಷರ ಬರಲಿ, ಚಿತ್ರ ಆಮೇಲೆ. ಹಳೇ ಫೋನು ಹಿಡ್ಕೊಂಡು ದೇವದುರ್ಗದ ಬಸ್ ಹತ್ತಿ, ದಾರಿಯಲ್ಲಿ ತೆರೆದು ನೋಡಿ. ಅಲ್ಲಿ ತೆರೆದುಕೊಂಡ್ರೆ ನಿಮ್ಮ ಕೆಲಸ ಪಾಸ್.